ಕಾಲುವೆಯ ಕೊನೆಯ ಹೊಲದವರು ಕೇಳಿದ ಲೆಕ್ಕ

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಸಂದರ್ಭದಲ್ಲಿ ನಮ್ಮ ಭಾಗದ ಇತಿಹಾಸದ ಬಗ್ಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಚಿಕೆಯ ಸಂಪಾದಕ ಮಂಡಳಿಯವರು ಕೇಳಿದರು. ಇತಿಹಾಸ ಎಂದಕೂಡಲೇ ನಮಗೆ ಅಣ್ಣಿಗೇರಿಯ ಅಮೃತೇಶ್ವರ ಗುಡಿ ನೆನಪಾಗುತ್ತದೆ, 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ನರಗುಂದದ ಬಾಬಾಸಾಹೇಬರು ನೆನಪಾಗುತ್ತಾರೆ. ಅವುಗಳ ಬಗ್ಗೆ ಬಲ್ಲವರು ಬಹಳ ಬರೆದಿದ್ದಾರೆ. ಇದೇ ಶಾಲೆಯಲ್ಲಿ ಕಲಿತು, ಮುಂದೆ ಸಮಾಜ ವಿಜ್ಞಾನದ ಶಿಕ್ಷಕನಾಗಿ ನಿವೃತ್ತನಾದ ನಾನು ನಮ್ಮ ಕಣ್ಣೆದುರಿಗೇ ನಡೆದ ಇನ್ನೊಂದು ಇತಿಹಾಸವನ್ನು ಹೇಳಬೇಕೆಂದುಕೊಂಡಿದ್ದೇನೆ. ಅದು ನಮ್ಮ ಜಿಲ್ಲೆಯ ಹಳ್ಳಿಯ ಜನ ಸರ್ಕಾರಕ್ಕೆ ಲೆಕ್ಕ ಕೇಳಲು ಕಲಿತ ಇತಿಹಾಸ.

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಆ ನದಿಗೆ ಅಣೆಕಟ್ಟು ಕಟ್ಟಿ, 1970ರ ದಶಕದಲ್ಲಿ ಕಾಲುವೆಗಳ ಮೂಲಕ ನೀರು ಬಿಡಲು ಆರಂಭಿಸಿದರು. ಜಲಾಶಯದಲ್ಲಿ 37 ಟಿಎಂಸಿಗೂ ಹೆಚ್ಚು ನೀರು ನಿಲ್ಲುತ್ತದೆ, ಎರಡು ಲಕ್ಷ ಹೆಕ್ಟೇರಿಗೂ ಮೇಲ್ಪಟ್ಟ ಭೂಮಿಗೆ ನೀರುಣಿಸಬೇಕೆಂಬುದು ಯೋಜನೆಯ ಗುರಿಯಾಗಿತ್ತು. ಅಲ್ಲಿಯವರೆಗೆ ನಮ್ಮ ಎರಿಹೊಲಗಳಲ್ಲಿ ಜೋಳ, ಗೋಧಿ, ಕಡಲೆ ಮತ್ತು ಜಯಧರ ಹತ್ತಿಯನ್ನು ಮಳೆಯನ್ನೇ ನಂಬಿ ಬೆಳೆಯುತ್ತಿದ್ದರು. ನೀರು ಬರುತ್ತದೆ ಎಂದಾಗ ಊರಿಗೆ ಊರೇ ಹಿಗ್ಗಿತು. ಧಾರವಾಡದಲ್ಲಿ ಡಾ. ಬಿ. ಎಚ್. ಕಟರ್ಕಿಯವರು ಅಭಿವೃದ್ಧಿಪಡಿಸಿ 1972ರಲ್ಲಿ ಬಿಡುಗಡೆಯಾದ ವರಲಕ್ಷ್ಮಿ ಹತ್ತಿ ಆಗ ಹೊಸದು. ರೈತರು ಸಾಲ ಮಾಡಿ ಬೀಜ, ಗೊಬ್ಬರ, ಔಷಧ ತಂದು ವರಲಕ್ಷ್ಮಿ ಬೆಳೆದರು. ಮೊದಮೊದಲು ಒಳ್ಳೆಯ ದರ ಸಿಕ್ಕಿತು. ಆ ದಶಕ ಮುಗಿಯುವ ಹೊತ್ತಿಗೆ ಹತ್ತಿಯ ದರ ಕುಸಿದಿತ್ತು, ಸಾಲ ಮಾತ್ರ ಹಾಗೆಯೇ ಉಳಿದಿತ್ತು.

ಆ ಹೊತ್ತಿಗೆ ಸರಿಯಾಗಿ ಬಂದದ್ದು ಬೆಟರ್‌ಮೆಂಟ್ ಲೆವಿ, ಅಂದರೆ ಅಭಿವೃದ್ಧಿ ಕರ. ಸರ್ಕಾರ ನೀರಾವರಿ ಮಾಡಿಕೊಟ್ಟಿದ್ದರಿಂದ ಭೂಮಿಯ ಬೆಲೆ ಏರಿದೆ, ಆ ಏರಿಕೆಯಲ್ಲಿ ಒಂದು ಪಾಲು ಸರ್ಕಾರಕ್ಕೆ ಸಲ್ಲಬೇಕು ಎಂಬುದು ಇದರ ತರ್ಕ. 1957ರ ಒಂದು ಕಾಯ್ದೆಯಲ್ಲಿ ಇದಕ್ಕೆ ಅವಕಾಶವಿತ್ತು. ಎಕರೆಗೆ 1,500 ರೂಪಾಯಿವರೆಗೂ ಕರ ಬಂತು, ಅದರ ಜೊತೆಗೆ ನೀರಿನ ಕರವೂ ಸೇರಿತು. ತರ್ಕ ಕಾಗದದ ಮೇಲೆ ಸರಿಯಾಗಿಯೇ ಇತ್ತು. ಆದರೆ ಕಾಲುವೆಯ ಮೇಲ್ಭಾಗದ ಕೆಲವು ಹೊಲಗಳು ನೀರು ಹೆಚ್ಚಾಗಿ ಸವಳು-ಜವಳಾಗಿದ್ದವು. ಕೊನೆಯ ಹೊಲಗಳಿಗೆ ನೀರು ಮುಟ್ಟಿಯೇ ಇರಲಿಲ್ಲ. ಕರ ಮಾತ್ರ ಆಯಕಟ್ಟಿನ ಪಟ್ಟಿಯಲ್ಲಿದ್ದ ಎಲ್ಲರಿಗೂ ಬಂತು.

ನಮ್ಮದು ಕಾಲುವೆಯ ಕೊನೆಯ ಹೊಲ. ನೋಟಿಸು ಬಂದ ದಿನ ನಮ್ಮ ತಂದೆಯವರು ಅದನ್ನು ನನ್ನಿಂದ ಎರಡು ಸಲ ಓದಿಸಿದರು. ಆಮೇಲೆ ಹೇಳಿದ ಮಾತು ಇವತ್ತಿಗೂ ನೆನಪಿದೆ: "ನೀರ ಬಂದಿದ್ರ ಕೊಡತಿದ್ನಿ. ಬರಲಾರದ ನೀರಿಗೆ ಎಲ್ಲಿಂದ ತರಲಿ?"

ಊರೂರಲ್ಲಿ ಇದೇ ಮಾತು ಇತ್ತು. ರೈತರು ಮೊದಲು ಮಾಡಿದ್ದು ಅರ್ಜಿ ಕೊಡುವ ಕೆಲಸ. ಮನವಿ ಪತ್ರಗಳು ಹೋದವು, ಮಲಪ್ರಭಾ ನೀರಾವರಿ ಪ್ರದೇಶದ ರೈತ ಸಮನ್ವಯ ಸಮಿತಿ ಹುಟ್ಟಿತು, ಸಭೆಗಳಾದವು, ಮೆರವಣಿಗೆಗಳಾದವು. ಸಮಾಧಾನದ ಉತ್ತರ ಬರಲಿಲ್ಲ. ಯಾವ ಸರ್ವೆ ನಂಬರಿಗೆ ನೀರು ಹರಿದಿದೆ, ಯಾವುದಕ್ಕೆ ಹರಿದಿಲ್ಲ ಎಂಬ ಲೆಕ್ಕವನ್ನು ರೈತನ ಮುಂದೆ ಇಡಲೇಬೇಕೆಂದು ಯಾವ ಅಧಿಕಾರಿಯನ್ನೂ ಕಟ್ಟಿಹಾಕುವ ಕಾನೂನು ಆಗ ಇರಲಿಲ್ಲ. ರೈತ ಕೊಡಬೇಕಾದ ಬಾಕಿಗೆ ಸರ್ಕಾರದ ಬಳಿ ಪಟ್ಟಿಯಿತ್ತು, ಗಡುವಿತ್ತು. ರೈತನಿಗೆ ಸರ್ಕಾರ ಕೊಡಬೇಕಾದ ಉತ್ತರಕ್ಕೆ ಗಡುವಿರಲಿಲ್ಲ.

1980ರ ಜುಲೈ 21, ಸೋಮವಾರ. ನವಲಗುಂದ, ನರಗುಂದ, ಸವದತ್ತಿಗಳಲ್ಲಿ ಬಂದ್ ಕರೆ ಇತ್ತು. ಸಾವಿರಾರು ರೈತರು ಹಳ್ಳಿಗಳಿಂದ ತಾಲೂಕು ಕೇಂದ್ರಗಳಿಗೆ ಬಂದರು. ಅಂದು ಪರಿಸ್ಥಿತಿ ಕೈಮೀರಿ ಪೊಲೀಸರು ಗುಂಡು ಹಾರಿಸಿದರು. ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ತೀರಿಕೊಂಡರು. ಜನರ ಸಿಟ್ಟಿಗೆ ನರಗುಂದದಲ್ಲಿ ಪೊಲೀಸರೂ ಬಲಿಯಾದರು. ಅವರೂ ಯಾರದೋ ಮನೆಯ ಮಕ್ಕಳೇ ಆಗಿದ್ದರು ಎಂಬುದನ್ನು ಈ ಚರಿತ್ರೆ ಹೇಳುವಾಗ ನಾವು ಬಿಡಬಾರದು. ನಮ್ಮ ತಂದೆಯವರು ಆ ರಾತ್ರಿ ಡಾಂಬರು ರಸ್ತೆ ಬಿಟ್ಟು ಹೊಲದ ಹಾದಿ ಹಿಡಿದು ನಡೆದು ಮನೆಗೆ ಬಂದರು. ಊಟ ಮಾಡಲಿಲ್ಲ, ಯಾರೊಡನೆಯೂ ಮಾತಾಡಲಿಲ್ಲ.

ಮುಂದೆ ಆದದ್ದು ಇಡೀ ರಾಜ್ಯಕ್ಕೆ ಗೊತ್ತು. ಮುಖ್ಯಮಂತ್ರಿ ಆರ್. ಗುಂಡೂರಾಯರ ಸರ್ಕಾರ ಲೆವಿಯ ವಸೂಲಿಯನ್ನು ತಡೆಹಿಡಿದು ರೈತರಿಗೆ ರಿಯಾಯಿತಿಗಳನ್ನು ಪ್ರಕಟಿಸಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಎಚ್. ಎಸ್. ರುದ್ರಪ್ಪ, ಎನ್. ಡಿ. ಸುಂದರೇಶ್, ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರು ಅದನ್ನು ಕಟ್ಟಿ ಬೆಳೆಸಿದರು. 1981ರ ಆರಂಭದಲ್ಲಿ ನರಗುಂದದಿಂದ ಬೆಂಗಳೂರಿಗೆ ದೊಡ್ಡ ಕಾಲ್ನಡಿಗೆ ಜಾಥಾ ಹೋಯಿತು. 1983ರಲ್ಲಿ ಸರ್ಕಾರವೇ ಬದಲಾಯಿತು. ಜುಲೈ 21ನ್ನು ನಾವು ಇಂದಿಗೂ ರೈತ ಹುತಾತ್ಮ ದಿನವಾಗಿ ಆಚರಿಸುತ್ತೇವೆ.

ಆ ಹೋರಾಟದ ಬಗ್ಗೆ ನನಗೆ ಹೆಮ್ಮೆಯಿದೆ. ಜೊತೆಗೆ ಒಂದು ಕೊರತೆಯನ್ನೂ ಹೇಳಬೇಕು. ನೋಟಿಸು ಬಂದದ್ದು ಉತಾರದಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಹತ್ತಿ ಬಿಡಿಸುವ ಕೂಲಿ ಹೆಂಗಸರಿಗೆ, ಹೊಲವಿಲ್ಲದವರಿಗೆ, ಕುರಿ ಕಾಯುವವರಿಗೆ ಯಾವ ನೋಟಿಸೂ ಬರಲಿಲ್ಲ. ಹಾಗಾಗಿ ಅವರ ಪ್ರಶ್ನೆ ನಮ್ಮ ಅರ್ಜಿಯಲ್ಲಿ ಬಹಳವಾಗಿ ಸೇರಲಿಲ್ಲ.

ಅವರ ಪ್ರಶ್ನೆ ಎದ್ದದ್ದು ಏಳು ವರ್ಷಗಳ ನಂತರ, ಆಗಿನ ಅಖಂಡ ಧಾರವಾಡ ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ. 1984ರಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿದವು. ನೀಲಗಿರಿ ಬೆಳೆಯಲು ಅದಕ್ಕೆ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿ ಕೊಡುವ ಒಪ್ಪಂದವಾಯಿತು. ಸರ್ಕಾರಿ ದಫ್ತರದಲ್ಲಿ ಅದು ಪಾಳು ಭೂಮಿ. ಬಡವರಿಗೆ ಅದೇ ದನದ ಮೇವು, ಒಲೆಯ ಕಟ್ಟಿಗೆ. ಧಾರವಾಡದ ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹಳ್ಳಿ ಹಳ್ಳಿ ಸುತ್ತಿ ಜನರನ್ನು ಕೂಡಿಸಿತು. ಡಾ. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 1987ರ ನವೆಂಬರ್ 14ರಂದು, ಈಗ ಹಾವೇರಿ ಜಿಲ್ಲೆಯಲ್ಲಿರುವ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಉಪಯೋಗವಾಗುವ ಗಿಡಗಳನ್ನು ಹಚ್ಚಿದರು. 1991ರಲ್ಲಿ ಆ ಕಂಪನಿ ಮುಚ್ಚಿತು. ಇಲ್ಲಿ ಗೆದ್ದವರಲ್ಲಿ ಉತಾರವೇ ಇಲ್ಲದವರೂ ಇದ್ದರು.

ನವಲಗುಂದದಲ್ಲಿ ಸಿಗದೆ ಹೋದ ಉತ್ತರ ಕಾನೂನಿನ ಹಕ್ಕಾಗಲು ಇನ್ನೂ ಕೆಲವು ವರ್ಷ ಬೇಕಾದವು. ಅದರ ಬೇರು ನಮ್ಮಂತಹದೇ ಒಣ ನಾಡಿನಲ್ಲಿದೆ. ರಾಜಸ್ಥಾನದಲ್ಲಿ ಬರಗಾಲದ ಕಾಮಗಾರಿ ಮಾಡಿದ ಕೂಲಿಕಾರರು ಪೂರ್ತಿ ಕೂಲಿ ಸಿಗದಿದ್ದಾಗ ಹಾಜರಿ ಪಟ್ಟಿ ತೋರಿಸಿರೆಂದು ಕೇಳಿದರು. ಅದು ಗುಟ್ಟಿನ ದಾಖಲೆ ಎಂಬ ಉತ್ತರ ಬಂತು. 1990ರಲ್ಲಿ ಹುಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಿಂದ ಹಳ್ಳಿಗಳಲ್ಲಿ ಜನಸುನಾವಣೆ ನಡೆಸಿ, ಸಿಕ್ಕ ದಾಖಲೆಗಳನ್ನು ಊರವರ ಎದುರು ಗಟ್ಟಿಯಾಗಿ ಓದಿಸಿತು. ಕೆಲಸ ಮಾಡದವರ ಹೆಸರಿನಲ್ಲಿ ಕೂಲಿ ಬರೆದದ್ದು ಹೊರಬಿತ್ತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. ಸ್ವೀಡನ್ ದೇಶ 1766ರಲ್ಲಿಯೇ ತನ್ನ ಪ್ರಜೆಗಳಿಗೆ ಸರ್ಕಾರಿ ಕಡತ ನೋಡುವ ಹಕ್ಕು ಕೊಟ್ಟಿತ್ತು. ನಮ್ಮಲ್ಲಿ ಕರ್ನಾಟಕ 2000ದಲ್ಲಿ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತು. ಇಡೀ ದೇಶದ ಕಾಯ್ದೆ 2005ರ ಅಕ್ಟೋಬರ್ 12ರಿಂದ ಜಾರಿಗೆ ಬಂತು.

ಇದೇ ಕಾಲದ ಇನ್ನೊಂದು ಮಾತು ನಮ್ಮ ಶಾಲೆಗೂ ಸಂಬಂಧಿಸಿದ್ದು. ಸರ್ಕಾರಿ ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿರುವಾಗ ಜನ ಹಸಿದಿರುವುದೇಕೆ ಎಂದು ಪಿಯುಸಿಎಲ್ ಸಂಸ್ಥೆ 2001ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಕೇಳಿತು. ಆ ವರ್ಷದ ನವೆಂಬರ್ 28ರಂದು ಕೋರ್ಟು, ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. 2002ರಲ್ಲಿ ನಮ್ಮ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ ಮುಂದೆ ಎಲ್ಲ ಕಡೆಗೂ, ಪ್ರೌಢಶಾಲೆಗಳಿಗೂ ಬಂತು. ನಾವು ಓದುವಾಗ ಮಧ್ಯಾಹ್ನದ ಬಿಡುವಿನಲ್ಲಿ ಬುತ್ತಿ ತರದ ಗೆಳೆಯರು ನೀರು ಕುಡಿದು ಗಿಡದ ಕೆಳಗೆ ಕೂಡುತ್ತಿದ್ದರು. ಇಂದು ಮಕ್ಕಳು ಸಾಲಾಗಿ ಕೂತು ಉಣ್ಣುವ ಬಿಸಿಯೂಟದ ಹಿಂದೆ ಹೀಗೆ ಲೆಕ್ಕ ಕೇಳಿದವರ ಶ್ರಮವೂ ಇದೆ ಎಂಬುದನ್ನು ಅವರಿಗೆ ತಿಳಿಸಬೇಕು.

ಕಾನೂನು ಬಂದ ಮೇಲೆ ಎಲ್ಲವೂ ಸರಿಹೋಯಿತೇ? ಇಲ್ಲ. ಮಹದಾಯಿ ಕಣಿವೆಯಿಂದ 7.56 ಟಿಎಂಸಿ ನೀರು ತಿರುಗಿಸಿಕೊಳ್ಳಲು ಕರ್ನಾಟಕ ಸಲ್ಲಿಸಿದ್ದ ಮಧ್ಯಂತರ ಅರ್ಜಿಯನ್ನು 2016ರ ಜುಲೈ 27ರಂದು ನ್ಯಾಯಮಂಡಳಿ ತಳ್ಳಿಹಾಕಿತು. ವರ್ಷದಿಂದ ಧರಣಿ ಕೂತಿದ್ದ ನಮ್ಮ ಭಾಗ ಮರುದಿನ ಮತ್ತೆ ಹೊತ್ತಿಕೊಂಡಿತು. ನವಲಗುಂದದಲ್ಲಿ ಸರ್ಕಾರಿ ಕಚೇರಿಗಳಿಗೆ ಹಾನಿಯಾಯಿತು. ಯಮನೂರಿನಲ್ಲಿ ಪೊಲೀಸರು ಮನೆಗಳಿಗೆ ನುಗ್ಗಿ ಹೆಂಗಸರು, ಮುದುಕರು ಎನ್ನದೆ ಹೊಡೆದದ್ದನ್ನು ಟಿವಿಯಲ್ಲಿ ಇಡೀ ನಾಡು ನೋಡಿತು. ಅಂತಿಮ ತೀರ್ಪು 2018ರ ಆಗಸ್ಟ್ 14ರಂದು ಬಂದು ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿಕೆಯಾಯಿತು. ಆ ಜುಲೈ ತಿಂಗಳಲ್ಲಿ ನನಗೆ 1980ರ ರಾತ್ರಿ ಹೊಲದ ಹಾದಿಯಲ್ಲಿ ಬಂದ ತಂದೆಯವರೇ ಕಣ್ಣ ಮುಂದೆ ಬರುತ್ತಿದ್ದರು. ಮೂವತ್ತಾರು ವರ್ಷಗಳಾದರೂ, ಕೇಳಿದವರಿಗೆ ಹೊತ್ತಿಗೆ ಸರಿಯಾಗಿ ಉತ್ತರ ಕೊಡುವುದನ್ನು ನಾವು ಪೂರ್ತಿ ಕಲಿತಿಲ್ಲ.

ಆದರೂ ಕಲಿತದ್ದು ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ನನ್ನ ಅನುಭವದ ಒಂದು ಸಣ್ಣ ಸಂಗತಿ ಹೇಳುತ್ತೇನೆ. ನಾನು ಕೆಲಸ ಮಾಡುತ್ತಿದ್ದ ಒಂದು ಊರಿನಲ್ಲಿ ಒಬ್ಬ ಮುದುಕಿ ಶಾಲೆಗೆ ಬಂದಳು. "ಮಾಸ್ತರ್ರ, ಆರ ತಿಂಗಳಾತು, ಪಗಾರ ಬಂದಿಲ್ರಿ" ಎಂದಳು. ವೃದ್ಧಾಪ್ಯ ವೇತನಕ್ಕೆ ನಮ್ಮಲ್ಲಿ ಪಗಾರ ಎಂದೇ ಅನ್ನುತ್ತಾರೆ. ಕಚೇರಿಗೆ ನಾಲ್ಕು ಸಲ ಹೋಗಿ ಬಂದಿದ್ದಳು, ಪ್ರತಿ ಸಲವೂ ಮುಂದಿನ ವಾರ ಬಾ ಎಂದಿದ್ದರು. ಹತ್ತನೆಯ ತರಗತಿಯ ಮಕ್ಕಳಿಗೆ ಮಾಹಿತಿ ಹಕ್ಕಿನ ಪಾಠ ಆಗಷ್ಟೇ ಮುಗಿದಿತ್ತು. ಅವರೇ ಆಯಿಯ ಹೆಸರಿನಲ್ಲಿ ಅರ್ಜಿ ಬರೆದರು. ಕೇಳಿದ್ದು ಎರಡೇ ಪ್ರಶ್ನೆ: ಯಾವ ತಿಂಗಳಿಂದ ವೇತನ ನಿಂತಿದೆ, ಯಾವ ಕಾರಣಕ್ಕೆ? ಅದರ ಕಡತದ ಪ್ರತಿ ಕೊಡಿ. ಆಯಿ ಹೆಬ್ಬೆಟ್ಟು ಒತ್ತಿದಳು.

ಇಪ್ಪತ್ತೇಳು ದಿನಕ್ಕೆ ಉತ್ತರ ಬಂತು. ಪರಿಶೀಲನೆಗೆ ಬಂದವರು ಆಕೆಯ ಹೆಸರಿನ ಮುಂದೆ 'ಸ್ಥಳದಲ್ಲಿ ವಾಸವಿಲ್ಲ' ಎಂದು ಬರೆದಿದ್ದರು. ಆ ಸಮಯದಲ್ಲಿ ಆಯಿ ಮೆಣಸಿನಕಾಯಿ ಬಿಡಿಸಲು ಮಗಳ ಊರಿಗೆ ಹೋಗಿದ್ದಳು. ಕಾರಣ ಗೊತ್ತಾದ ಮೇಲೆ ಸರಿಪಡಿಸುವುದು ಕಷ್ಟವಾಗಲಿಲ್ಲ, ವೇತನ ಮತ್ತೆ ಶುರುವಾಯಿತು. ನಿಂತ ತಿಂಗಳುಗಳ ಹಣ ಪೂರ್ತಿ ಸಿಗಲಿಲ್ಲ ಎಂಬುದನ್ನೂ ಹೇಳಬೇಕು.

ಯಾವ ಸರ್ವೆ ನಂಬರಿಗೆ ನೀರು ಹರಿದಿದೆ ಎಂದು ನಮ್ಮ ತಂದೆ ಕೇಳಿದ್ದಕ್ಕೂ, ಪಗಾರ ಯಾಕೆ ನಿಂತಿದೆ ಎಂದು ಆಯಿ ಕೇಳಿದ್ದಕ್ಕೂ ವ್ಯತ್ಯಾಸವಿಲ್ಲ. ಇಬ್ಬರೂ ಕಾಲುವೆಯ ಕೊನೆಯಲ್ಲಿದ್ದವರು. ಸರ್ಕಾರದ ಯೋಜನೆಗಳು ಹೊರಡುವಾಗ ತುಂಬಿ ಹರಿಯುತ್ತವೆ, ಕೊನೆಯ ಮನೆ ಮುಟ್ಟುವಷ್ಟರಲ್ಲಿ ಬತ್ತುತ್ತವೆ. ಆಯಿಗೆ ಇದ್ದದ್ದು, ತಂದೆಯವರಿಗೆ ಇಲ್ಲದ್ದು, 30 ದಿನಗಳ ಗಡುವು.

ಆದ್ದರಿಂದ ಈ ಸಂಚಿಕೆ ಓದುವ ಹಳ್ಳಿಯ ಹಿರಿಯರಿಗೂ ವಿದ್ಯಾರ್ಥಿಗಳಿಗೂ ಕೆಲವು ಮಾತು. ಮಾಹಿತಿ ಅರ್ಜಿಗೆ ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಉತ್ತರ ಬಾರದಿದ್ದರೆ ಮೇಲಧಿಕಾರಿಗೆ ಮೇಲ್ಮನವಿ, ಆಮೇಲೆ ಕರ್ನಾಟಕ ಮಾಹಿತಿ ಆಯೋಗ. ತಕ್ಕ ಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು. 2011ರ ಸಕಾಲ ಕಾಯ್ದೆಯಡಿ ಪ್ರಮಾಣಪತ್ರ ಮೊದಲಾದ ಸೇವೆಗಳಿಗೂ ಗಡುವಿದೆ. ಉದ್ಯೋಗ ಖಾತ್ರಿ ಕೆಲಸದ ಲೆಕ್ಕವನ್ನು ಸಾಮಾಜಿಕ ಪರಿಶೋಧನೆಯಲ್ಲಿ, ಪಂಚಾಯಿತಿಯ ಲೆಕ್ಕವನ್ನು ಜಮಾಬಂದಿಯಲ್ಲಿ ಊರವರ ಮುಂದೆ ಇಡಬೇಕು. ನಾವು ಗ್ರಾಮಸಭೆಗೆ ಹೋಗದೆ ಮನೆಯಲ್ಲಿ ಕೂತರೆ ಆ ಲೆಕ್ಕವನ್ನು ನಮಗಾಗಿ ಓದುವವರು ಯಾರೂ ಇರುವುದಿಲ್ಲ. ಕಚೇರಿಯಲ್ಲಿ ಕೂತವರಲ್ಲಿಯೂ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಿದ್ದಾರೆ. ಕೇಳಿದವರನ್ನು ವೈರಿಗಳೆಂದು ತಿಳಿಯಬೇಡಿ ಎಂದು ಅವರಲ್ಲಿ ನನ್ನ ವಿನಂತಿ.

ಶಾಲೆಗೆ ನನ್ನದೊಂದು ಸಲಹೆಯಿದೆ. ಪ್ರತಿ ವರ್ಷ ಜುಲೈ 21ರಂದು ಹಿರಿಯ ತರಗತಿಯ ಮಕ್ಕಳು ಊರಿನ ಒಂದೊಂದು ಓಣಿಗೆ ಹೋಗಿ, ಓದು ಬಾರದ ಒಬ್ಬರಿಗಾದರೂ ಅರ್ಜಿ ಬರೆದುಕೊಡಲಿ, ಸ್ವೀಕೃತಿ ಪತ್ರ ಪಡೆದು ಅವರ ಕೈಗೆ ಕೊಡಲಿ. ಅಂದು ಪ್ರಾಣ ಕೊಟ್ಟವರಿಗೆ ಹೂವಿನ ಹಾರದ ಜೊತೆಗೆ ಇದೂ ಸಲ್ಲಲಿ. ನಮ್ಮ ತಂದೆಯವರ ಆ ನೋಟಿಸು ಇಂದಿಗೂ ನಮ್ಮ ಮನೆಯ ಟ್ರಂಕಿನಲ್ಲಿದೆ. ಸುವರ್ಣ ಮಹೋತ್ಸವದ ಪ್ರದರ್ಶನಕ್ಕೆ ಅದನ್ನು ಶಾಲೆಗೆ ಒಪ್ಪಿಸುತ್ತಿದ್ದೇನೆ. ಮಕ್ಕಳು ಓದಿ ನೋಡಲಿ.