ಸಾವಿರ ಸಲ ಕೇಳಿದ ಒಂದು ಸಾಲು

ಉಮ್ ಕುಲ್ಸುಮ್ ಹಾಡಿದ ‘ಅಲ್ ಅತ್ಲಾಲ್’ ಮೊದಲ ಸಲ ಕೇಳಿದಾಗ, ಧ್ವನಿಮುದ್ರಿಕೆ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಅಂದುಕೊಂಡಿದ್ದೆ. ಅದೇ ಸಾಲು ಮತ್ತೆ ಮತ್ತೆ ಬರುತ್ತಿತ್ತು, ನಡುನಡುವೆ ಜನರ ಕೂಗು. ಗಮನವಿಟ್ಟು ಕೇಳಿದರೆ ಒಂದು ಸಲ ಹಾಡಿದಂತೆ ಇನ್ನೊಂದು ಸಲ ಹಾಡಿರಲಿಲ್ಲ. ನಮ್ಮ ಕಛೇರಿಗಳಲ್ಲಿ ನೆರವಲ್ ಕೇಳಿದವರಿಗೆ ಈ ಸುಖ ಗೊತ್ತು. ಅದು ತರುವ ತನ್ಮಯತೆಯನ್ನು ಅರಬರು ‘ತರಬ್’ ಎನ್ನುತ್ತಾರೆ. ಸಭಿಕರು ‘ಇನ್ನೊಮ್ಮೆ’ ಎಂದಷ್ಟೂ ಸಾಲು ಬೆಳೆಯುತ್ತಿತ್ತು. ಒಂದೇ ಹಾಡು ಗಂಟೆ ದಾಟುತ್ತಿತ್ತು.

ನೈಲ್ ನದಿಯ ಮುಖಜಭೂಮಿಯ ಹಳ್ಳಿಯೊಂದರಲ್ಲಿ ಆಕೆಯ ತಂದೆ ಮಸೀದಿಯ ಇಮಾಮ್. ಮದುವೆಗಳಲ್ಲಿ ಭಕ್ತಿಗೀತೆ ಹಾಡಿ ನಾಲ್ಕು ಕಾಸು ಸಂಪಾದಿಸುತ್ತಿದ್ದರು. ಹೆಣ್ಣುಮಗು ಸಭೆಯಲ್ಲಿ ಹಾಡುವುದನ್ನು ಊರು ಒಪ್ಪದೆಂದು ಮಗಳಿಗೆ ಹುಡುಗನ ವೇಷ ಹಾಕಿಸಿ ಜೊತೆಗೆ ಕರೆದೊಯ್ದರು. ಕುರಾನ್ ಪಠಣದಲ್ಲಿ ಪಳಗಿದ ಆ ನಾಲಿಗೆಯ ಅಕ್ಷರಸ್ಪಷ್ಟತೆ ಕೊನೆಯವರೆಗೂ ಉಳಿಯಿತು. 1920ರ ದಶಕದಲ್ಲಿ ಕೈರೋ ಸೇರಿದ ಮೇಲೆ ಕವಿ ಅಹ್ಮದ್ ರಾಮಿ ಆಕೆಗಾಗಿ ನೂರಕ್ಕೂ ಹೆಚ್ಚು ಹಾಡು ಬರೆದರು. 1934ರಲ್ಲಿ ಈಜಿಪ್ಟಿನ ರೇಡಿಯೋ ಶುರುವಾಯಿತು. ಮುಂದೆ ತಿಂಗಳ ಮೊದಲ ಗುರುವಾರ ರಾತ್ರಿ ಆಕೆಯ ಕಛೇರಿಯ ನೇರ ಪ್ರಸಾರಕ್ಕಾಗಿ ಅರಬ್ ನಾಡುಗಳ ಜನ ರೇಡಿಯೋ ಸುತ್ತ ಕೂರುತ್ತಿದ್ದರು.

‘ಅಲ್ ಅತ್ಲಾಲ್’ ಎಂದರೆ ಅವಶೇಷಗಳು. ವೈದ್ಯರೂ ಆಗಿದ್ದ ಇಬ್ರಾಹಿಂ ನಾಜಿ ಎಂಬ ಕವಿಯ ಮುರಿದ ಪ್ರೇಮದ ಪದ್ಯ ಅದು. ರಿಯಾದ್ ಅಲ್ ಸುಂಬಾತಿ ರಾಗ ಹಾಕಿದರು. 1966ರಲ್ಲಿ ಆಕೆ ಅದನ್ನು ಮೊದಲು ಹಾಡುವ ಹೊತ್ತಿಗೆ ಕವಿ ತೀರಿಕೊಂಡು 13 ವರ್ಷವಾಗಿತ್ತು. ಮರುವರ್ಷ ಜೂನ್‌ನಲ್ಲಿ ಇಸ್ರೇಲ್ ಎದುರು ಈಜಿಪ್ಟ್ ಆರೇ ದಿನಗಳಲ್ಲಿ ಸೋತಿತು. ಆಮೇಲೆ, ಪ್ರೇಮಿ ಬಿಡುಗಡೆ ಬೇಡುವ ಅದೇ ಸಾಲಿನಲ್ಲಿ ಜನ ತಮ್ಮ ನಾಡಿನ ಅಳಲು ಕೇಳಿಸಿಕೊಂಡರು. ಆ ನವೆಂಬರಿನಲ್ಲಿ ಪ್ಯಾರಿಸ್ಸಿನ ಒಲಿಂಪಿಯಾ ರಂಗಮಂದಿರದಲ್ಲಿ ಆಕೆ ಹಾಡಿದರು. ಅಲ್ಲಿಂದ ಮುಂದೆ ಮೊರಾಕ್ಕೊ, ಟ್ಯುನಿಷಿಯಾ, ಕುವೈತ್, ಸುಡಾನ್. ಬಂದ ಹಣವನ್ನು ದೇಶಕ್ಕೆ ಕೊಟ್ಟರು.

ಅದೇ ಹೊತ್ತಿನಲ್ಲಿ ಒಂದು ಆರೋಪವೂ ಎದ್ದಿತು: ಗಂಟೆಗಟ್ಟಲೆ ತೂಗಿಸುವ ಈ ಹಾಡುಗಳೇ ಜನರನ್ನು ಮೈಮರೆಸಿದವು, ಸೋಲಿಗೆ ಇವೂ ಕಾರಣ. ನನಗಿದು ಪೂರ್ತಿ ನ್ಯಾಯವೆನಿಸುವುದಿಲ್ಲ. ಯುದ್ಧದ ಮೊದಲ ಬೆಳಗ್ಗೆ ಈಜಿಪ್ಟಿನ ವಿಮಾನಗಳು ನೆಲದ ಮೇಲೆಯೇ ನಾಶವಾದದ್ದಕ್ಕೆ ಹಾಡು ಹೊಣೆಯಲ್ಲ. ಆದರೆ ನಾಸರ್ ಸರ್ಕಾರವನ್ನು ಹೊಗಳಿ ಹಾಡಿದ ಕಂಠವೂ ಅದೇ. ಅಧಿಕಾರಕ್ಕೆ ಅಷ್ಟು ಹತ್ತಿರವಿದ್ದ ಕಲಾವಿದೆಯನ್ನು ಪ್ರಶ್ನಿಸುವ ಹಕ್ಕು ಕೇಳುಗನಿಗೆ ಇದ್ದೇ ಇದೆ.

1975ರ ಫೆಬ್ರವರಿಯಲ್ಲಿ ಆಕೆ ತೀರಿಕೊಂಡಾಗ ಸರ್ಕಾರ ಶವಯಾತ್ರೆಯ ದಾರಿ ನಿಗದಿ ಮಾಡಿತ್ತು. ಜನ ಪೆಟ್ಟಿಗೆಯನ್ನು ಕಿತ್ತುಕೊಂಡು, ಹೆಗಲಿಂದ ಹೆಗಲಿಗೆ ದಾಟಿಸುತ್ತ ತಮ್ಮ ದಾರಿಯಲ್ಲಿ ಹುಸೇನ್ ಮಸೀದಿಗೆ ಒಯ್ದರು. ಹಾಡಿನ ನಡುವೆ ‘ಇನ್ನೊಮ್ಮೆ’ ಎಂದು ಕೂಗುತ್ತಿದ್ದವರೂ ಆ ಗುಂಪಿನಲ್ಲಿ ಇದ್ದಿರಬೇಕು.