ಯಜಮಾನರ ಅಂಗಳದಿಂದ ನಮ್ಮ ಇಯರ್‌ಫೋನ್‌ವರೆಗೆ: ಜೈಸಲ್ಮೇರ್‌ನ ಮಾಂಗಣಿಯಾರರು

ಇವತ್ತಿನ ಕಂತು ಶುರು ಮಾಡೋ ಮೊದಲು ನಿಮಗೊಂದು ಕೆಲಸ ಕೊಡ್ತೀನಿ. ಇದನ್ನ ಇಲ್ಲೇ ನಿಲ್ಲಿಸಿ, ಕೋಕ್ ಸ್ಟುಡಿಯೋದ ‘ಚೌಧರಿ’ ಹಾಡು ಒಂದ್ಸಲ ಕೇಳ್ಕೊಂಡು ಬನ್ನಿ. 2012ರದ್ದು, ಅಮಿತ್ ತ್ರಿವೇದಿ ಸಂಗೀತ. ನಿಮ್ಮಲ್ಲಿ ಅರ್ಧ ಜನಕ್ಕೆ ಅದು ಬಾಯಿಪಾಠ ಆಗಿರತ್ತೆ ಅಂತ ಗೊತ್ತು. ಅದರಲ್ಲಿ ಸಲೀಸಾಗಿ ಮೇಲಕ್ಕೆ ಹೋಗೋ ಆ ಗಂಡು ದನಿ ಇದೆಯಲ್ಲ, ಅದು ಮಾಮೆ ಖಾನ್ ಅವರದು. ಜೈಸಲ್ಮೇರ್ ಜಿಲ್ಲೆಯ ಸತ್ತೋ ಅನ್ನೋ ಹಳ್ಳಿಯವರು. 2022ರಲ್ಲಿ ಅವರು ಕಾನ್ ಚಿತ್ರೋತ್ಸವದ ಕೆಂಪು ಹಾಸಿನ ಮೇಲೆ ನಡೆದ ಫೋಟೊ ನಿಮ್ಮ ಫೋನಿಗೂ ಬಂದಿರಬಹುದು.

ಆ ದನಿಯ ಬೆನ್ನು ಹತ್ತಿ ಹೋದ ಚಳಿಗಾಲದಲ್ಲಿ ನಾನು ಜೈಸಲ್ಮೇರ್‌ಗೆ ಹೋಗಿದ್ದೆ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಊರು, ಹಳದಿ ಕಲ್ಲಿನ ಕೋಟೆ, ಕೋಟೆಯೊಳಗೆ ಇವತ್ತಿಗೂ ಜನ ವಾಸ ಮಾಡ್ತಾರೆ. ಅದೆಲ್ಲ ನೀವು ರೀಲ್ಸ್‌ನಲ್ಲಿ ನೋಡಿದ್ದೀರಿ, ಬಿಡಿ. ನನ್ನನ್ನ ಹಿಡಿದು ನಿಲ್ಲಿಸಿದ್ದು ಗಡೀಸರ್ ಕೆರೆಯ ಹತ್ತಿರದ ಒಂದು ಚಿಕ್ಕ ಮ್ಯೂಸಿಯಂ. ಸ್ಥಳೀಯ ಇತಿಹಾಸಕಾರ ಎನ್.ಕೆ. ಶರ್ಮಾ ಕಟ್ಟಿದ್ದು. ಸಂಜೆ ಅಲ್ಲಿ ಗೊಂಬೆಯಾಟ ಇರತ್ತೆ, ಪ್ರವಾಸಿಗರು ಟಿಕೆಟ್ ತಗೊಂಡು ಕೂತಿರ್ತಾರೆ. ಒಳಗೆ ಹಳೇ ವಾದ್ಯಗಳನ್ನ ಇಟ್ಟಿದ್ದಾರೆ. ಅವುಗಳ ನಡುವೆ ಕಮಾಯ್ಚಾ.

ಕಮಾಯ್ಚಾ ಅಂದ್ರೆ ಕಮಾನು ಎಳೆದು ನುಡಿಸೋ ವಾದ್ಯ. ಮಾವಿನ ಮರದ ಒಂದೇ ತುಂಡನ್ನ ಕೊರೆದು ದೊಡ್ಡ ಬಟ್ಟಲಿನ ಹಾಗೆ ಮಾಡಿ, ಮೇಲೆ ಮೇಕೆ ಚರ್ಮ ಬಿಗಿದಿರ್ತಾರೆ. ಮುಖ್ಯ ತಂತಿಗಳು ಲೋಹದ್ದಲ್ಲ, ಮೇಕೆಯ ಕರುಳಿನವು. ಕಮಾನಿಗೆ ಕುದುರೆ ಬಾಲದ ಕೂದಲು. ಪಿಟೀಲಿನ ನುಣುಪು ಇದಕ್ಕಿಲ್ಲ. ಗಂಟಲು ಕಟ್ಟಿದ ಹಿರಿಯರೊಬ್ಬರು ಮಾತಾಡಿದ ಹಾಗೆ ಕೇಳಿಸತ್ತೆ. ಇದನ್ನ ಜಗತ್ತಿಗೆ ಕೇಳಿಸಿದವರಲ್ಲಿ ಹಮೀರಾ ಹಳ್ಳಿಯ ಸಾಕರ್ ಖಾನ್ ದೊಡ್ಡ ಹೆಸರು. 2012ರಲ್ಲಿ ಪದ್ಮಶ್ರೀ ಬಂತು, ಮರುವರ್ಷ ತೀರಿಕೊಂಡರು.

ಮಾಮೆ ಖಾನ್, ಸಾಕರ್ ಖಾನ್ ಇಬ್ಬರೂ ಮಾಂಗಣಿಯಾರರು. ಆ ಹೆಸರು ‘ಬೇಡುವವರು’ ಅನ್ನೋ ಅರ್ಥದಿಂದ ಬಂತು ಅಂತಾರೆ. ನನಗೆ ಆ ಅರ್ಥ ಯಾಕೋ ಒಗ್ಗಲ್ಲ. ಕಾರಣ ಹೇಳ್ತೀನಿ.

ಇವರು ಮುಸ್ಲಿಮರು. ಆದರೆ ಇವರು ಹಾಡೋದು ಹೆಚ್ಚಾಗಿ ಹಿಂದೂ ಮನೆಗಳಿಗೆ, ಅದರಲ್ಲೂ ರಾಜಪೂತರ ಮನೆಗಳಿಗೆ. ಇದೇ ಸೀಮೆಯ ಇನ್ನೊಂದು ಗಾಯಕ ಸಮುದಾಯ ಲಂಗಾ ಜನ, ಅವರ ಆಶ್ರಯದಾತರು ಸಿಂಧಿ ಸಿಪಾಯಿ ಮುಸ್ಲಿಮರು. ಆಶ್ರಯ ಕೊಡೋ ಮನೆಯವರನ್ನ ಅಲ್ಲಿ ‘ಜಜ್‌ಮಾನ್’ ಅಂತಾರೆ, ನಮ್ಮ ‘ಯಜಮಾನ’ ಪದವೇ. ಮಗು ಹುಟ್ಟಿದರೆ ಒಂದು ಹಾಡು, ಮದುಮಗ ಕುದುರೆ ಏರಿದರೆ ಇನ್ನೊಂದು. ಅಷ್ಟೇ ಅಲ್ಲ, ಆ ಮನೆತನದ ವಂಶಾವಳಿ ಇವರ ಬಾಯಲ್ಲಿರತ್ತೆ. ಯಾರ ಮಗ ಯಾರು, ಯಾವ ಅಜ್ಜ ಯಾವ ಊರು ಬಿಟ್ಟು ಬಂದ, ಎಲ್ಲ. ಉತ್ತರ ಕರ್ನಾಟಕದವರಿಗೆ ಇದು ಥಟ್ಟನೆ ಹೊಳೆಯತ್ತೆ: ನಮ್ಮ ಹೆಳವರು ಎತ್ತಿನ ಮೇಲೆ ಬಂದು ಬಾಗಿಲಲ್ಲಿ ನಿಂತು ನಮ್ಮ ಮನೆತನದ ಹಿರಿಯರ ಹೆಸರು ಹೇಳ್ತಿದ್ದರಲ್ಲ, ಹೆಚ್ಚುಕಮ್ಮಿ ಹಾಗೇ.

ಪ್ರತಿಯಾಗಿ ಕಾಳು, ಕುರಿ, ಮೇಕೆ, ದೊಡ್ಡ ಮದುವೆಯಾದರೆ ಒಂಟೆ. ನಮ್ಮ ಹಳ್ಳಿಗಳಲ್ಲಿ ಸುಗ್ಗಿಗೆ ಆಯಗಾರರಿಗೆ ಆಯ ಕೊಡ್ತಿದ್ದ ಹಾಗೆ. ಅದು ಭಿಕ್ಷೆ ಅಲ್ಲ, ಹಕ್ಕು. ಅಪ್ಪನ ಯಜಮಾನರ ಮನೆಗಳು ಮಕ್ಕಳಿಗೆ ಹಂಚಿಕೆಯಾಗ್ತಿದ್ದವು, ಹೊಲ ಹಂಚಿದ ಹಾಗೆ. ಅದಕ್ಕೇ ‘ಬೇಡುವವರು’ ಅನ್ನೋದು ನನಗೆ ಒಗ್ಗಲ್ಲ ಅಂದಿದ್ದು. ಹಾಗಂತ ಇದು ಸಮಾನರ ಸಂಬಂಧವೂ ಆಗಿರಲಿಲ್ಲ. ಹಾಡುವವರು ಜಾತಿಯಲ್ಲಿ ಕೆಳಗೆ, ಕೂರುವ ಜಾಗವೂ ಕೆಳಗೆ. ಈ ಎರಡೂ ಮಾತನ್ನ ಒಟ್ಟಿಗೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗತ್ತೆ.

ಈ ಅಂಗಳದ ಹಾಡು ವೇದಿಕೆಗೆ ಬಂದಿದ್ದು ಹೇಗೆ? ಇಲ್ಲಿ ಜೋಧಪುರದ ಕಡೆಯ ಇಬ್ಬರ ಹೆಸರು ಹೇಳಲೇಬೇಕು. ಕೋಮಲ್ ಕೋಠಾರಿ ಮತ್ತು ವಿಜಯದಾನ್ ದೇಥಾ. 1960ರಲ್ಲಿ ಬೋರುಂದಾ ಅನ್ನೋ ಹಳ್ಳಿಯಲ್ಲಿ ಇಬ್ಬರೂ ಸೇರಿ ರೂಪಾಯನ್ ಸಂಸ್ಥಾನ ಶುರು ಮಾಡಿದರು. ದೇಥಾ ಕಥೆಗಳ ಹಿಂದೆ ಹೋದರು. ಗಂಡನ ರೂಪ ತಾಳಿದ ಭೂತದ ಕಥೆ ‘ದುವಿಧಾ’ ಅವರದೇ. 1973ರಲ್ಲಿ ಮಣಿ ಕೌಲ್ ಅದನ್ನ ಸಿನಿಮಾ ಮಾಡಿದರು, 2005ರಲ್ಲಿ ಅದೇ ಕಥೆ ‘ಪಹೇಲಿ’ ಆಯ್ತು. (ಗಿರೀಶ ಕಾರ್ನಾಡರ ‘ನಾಗಮಂಡಲ’ ನೋಡಿದವರಿಗೆ ಈ ಎರಡನೇ ಗಂಡ ಚೆನ್ನಾಗಿ ಪರಿಚಯ.) ಕೋಠಾರಿ ಹಾಡುಗಳ ಹಿಂದೆ ಹೋದರು. ಊರೂರು ಅಲೆದು ಲಂಗಾ, ಮಾಂಗಣಿಯಾರ್ ಹಾಡುಗಾರರನ್ನ ರೆಕಾರ್ಡ್ ಮಾಡಿದರು. ಆಮೇಲೆ ದೊಡ್ಡ ನಗರಗಳ ಸಭಾಂಗಣಗಳಿಗೆ, ಅಲ್ಲಿಂದ ವಿದೇಶಗಳಿಗೆ ಕರೆದುಕೊಂಡು ಹೋದರು.

ಇದು ಬರೀ ಕಲಾಪ್ರೇಮ ಅಲ್ಲ. ಸ್ವಾತಂತ್ರ್ಯ ಬಂದು ಸಂಸ್ಥಾನಗಳು ಹೋದವು, ಜಾಗೀರುಗಳು ಹೋದವು. ದೇಶ ವಿಭಜನೆಯಾಗಿ ಸಿಂಧ್ ಕಡೆಯ ಬಂಧುಬಳಗ, ಆ ಕಡೆಯ ವ್ಯಾಪಾರದ ದಾರಿ ಗಡಿಯಾಚೆ ಉಳಿಯಿತು. ಆ ಕಡೆಯ ಮಾಂಗಣಿಯಾರರ ದನಿ ಬೇಕಿದ್ದರೆ ಉಮರ್‌ಕೋಟ್‌ನ ಮಾಯಿ ಧಾಯಿಯನ್ನ ಹುಡುಕಿ, 2015ರ ಪಾಕಿಸ್ತಾನದ ಕೋಕ್ ಸ್ಟುಡಿಯೋದಲ್ಲಿ ಸಿಗ್ತಾರೆ. ಈ ಕಡೆ ಯಜಮಾನರ ಕಣಜವೇ ಖಾಲಿಯಾದಾಗ ಹಾಡುವವರ ಪಾಲು ಎಲ್ಲಿಂದ ಬರಬೇಕು? ಇನ್ನೊಬ್ಬ ಯಜಮಾನ ಬೇಕಿತ್ತು. ಅವನೇ ಪ್ರೇಕ್ಷಕ. ಅಂದ್ರೆ ನೀವು, ನಾನು.

ಹೊಸ ಯಜಮಾನನಿಗೆ ತಾಳ್ಮೆ ಕಮ್ಮಿ. ಅವನಿಗೆ ವಂಶಾವಳಿ ಬೇಡ, ಐದು ನಿಮಿಷದ ಹಾಡು ಸಾಕು. ಸ್ಯಾಮ್ ಮರಳದಿಬ್ಬಗಳ ಟೆಂಟ್‌ಗಳಲ್ಲಿ ರಾತ್ರಿ ಕೂತು ನೋಡಿ, ‘ನಿಂಬೂಡಾ’ ಹಾಡಿ ಅನ್ನೋ ಕೂಗು ಬಂದೇ ಬರತ್ತೆ. 1999ರ ‘ಹಮ್ ದಿಲ್ ದೇ ಚುಕೇ ಸನಮ್’ಗೆ ಬರೋ ಮೊದಲು ಅದು ಇವರದೇ ಜನಪದ ಹಾಡು ಅನ್ನೋದು ಕೂಗಿದವರಿಗೆ ಗೊತ್ತಿರಲ್ಲ. ಅವರು ಸಿನಿಮಾ ಹಾಡು ಕೇಳ್ತಿದ್ದಾರೆ, ಇವರು ತಮ್ಮದನ್ನೇ ಸಾಲ ಪಡೆದವರ ಹಾಗೆ ಹಾಡ್ತಿದ್ದಾರೆ.

2006ರಲ್ಲಿ ರಂಗ ನಿರ್ದೇಶಕ ರಾಯ್‌ಸ್ಟನ್ ಏಬಲ್ ‘ಮಾಂಗಣಿಯಾರ್ ಸೆಡಕ್ಷನ್’ ಕಟ್ಟಿದರು. ಕೆಂಪು ಪರದೆಯ 30ಕ್ಕೂ ಹೆಚ್ಚು ಪೆಟ್ಟಿಗೆಗಳು, ನಾಲ್ಕು ಅಂತಸ್ತು, ಒಂದೊಂದೇ ಪರದೆ ಸರಿದು ಒಬ್ಬೊಬ್ಬ ಕಲಾವಿದ ಬೆಳಗುತ್ತಾ ಹೋಗ್ತಾನೆ. ನಾನು ಅದನ್ನ ವಿಡಿಯೋದಲ್ಲಷ್ಟೇ ನೋಡಿದ್ದು, ಆದರೂ ಮೈ ಜುಮ್ ಅಂತು. ಅಂಗಳದಲ್ಲಿ ಕೆಳಗೆ ಕೂರುತ್ತಿದ್ದವರು ಇಲ್ಲಿ ನಾಲ್ಕನೇ ಅಂತಸ್ತಿನಲ್ಲಿ ಕೂತಿದ್ದಾರೆ. ಆದರೆ ಇಲ್ಲೂ ಹೆಂಗಸರು ಕಾಣಲ್ಲ. ಯಜಮಾನರ ಮನೆಯೊಳಗೆ ಮಾಂಗಣಿಯಾರ್ ಹೆಂಗಸರು ಹಾಡ್ತಾರೆ, ವೇದಿಕೆ ಮಾತ್ರ ಗಂಡಸರದಾಯ್ತು. ಬಾಡ್ಮೇರ್ ಕಡೆಯ ರುಕ್ಮಾ ದೇವಿಯಂಥ ಒಬ್ಬಿಬ್ಬರು ಆ ಕಟ್ಟು ಮುರಿದು ಹೊರಗೆ ಬಂದು ಹಾಡಿದರು.

ಹಾಗಾದರೆ ವೇದಿಕೆ, ಪದ್ಮಶ್ರೀ, ಕಾನ್, ಇವೆಲ್ಲ ಹಳ್ಳಿಯ ಹಳೇ ಲೆಕ್ಕವನ್ನ ಬದಲಿಸಿದವಾ? 2017ರ ಸೆಪ್ಟೆಂಬರ್‌ಗೆ ಬನ್ನಿ. ನವರಾತ್ರಿ. ಜೈಸಲ್ಮೇರ್ ಜಿಲ್ಲೆಯ ದಾಂತಲ್ ಹಳ್ಳಿ. ದೇವಿ ಮೈಮೇಲೆ ಬರಲು ತಕ್ಕ ರಾಗ ಹಾಡಬೇಕು ಅಂತ ಒಬ್ಬ ಮಾಂಗಣಿಯಾರ್ ಹಾಡುಗಾರನಿಗೆ ಹೇಳಿದರು. ಹಾಡಿದ್ದು ಸರಿಯಾಗಲಿಲ್ಲ ಅಂತ ಅವನನ್ನ ಹೊಡೆದು ಕೊಂದರು ಅನ್ನೋದು ಆರೋಪ. ಸುದ್ದಿ ಹೊರಗೆ ಬಂದ ಮೇಲೆ ಆ ಹಳ್ಳಿಯ ಮಾಂಗಣಿಯಾರ್ ಕುಟುಂಬಗಳು ಹೆದರಿ, ಮಕ್ಕಳು ಮರಿ ಕಟ್ಟಿಕೊಂಡು ಜೈಸಲ್ಮೇರ್ ಪೇಟೆಗೆ ಬಂದು ಆಸರೆ ಪಡೆದವು. ತಲೆತಲಾಂತರದಿಂದ ಯಾರ ಮನೆಯ ಶುಭಕ್ಕೆ ಹಾಡಿದ್ದರೋ ಅದೇ ಊರು ಬಿಟ್ಟು.

ಅದೇ ವರ್ಷ ನನ್ನ ಫೋನಿನ ಪ್ಲೇಲಿಸ್ಟ್‌ನಲ್ಲಿ ‘ಚೌಧರಿ’ ಇತ್ತು. ದಾಂತಲ್ ಹೆಸರು ನಾನು ಕೇಳಿದ್ದು ಎಷ್ಟೋ ವರ್ಷ ಕಳೆದ ಮೇಲೆ.

ಜೈಸಲ್ಮೇರ್‌ನಲ್ಲಿ ಕಲಾಕಾರ್ ಕಾಲೊನಿ ಅಂತ ಒಂದು ಜಾಗ ಇದೆ, ಅಲ್ಲಿ ಹೆಚ್ಚಿನವರು ಮಾಂಗಣಿಯಾರರು. ಅಲ್ಲಿ ಒಬ್ಬ ಹಿರಿಯರ ಮನೆ ಜಗಲಿ ಮೇಲೆ ಕೂತು ಅರ್ಧ ದಿನ ಕಳೆದೆ. ದಾಂತಲ್ ವಿಷಯ ಎತ್ತಿದೆ. ಅವರು ಕಮಾನಿನ ಕೂದಲು ಬಿಗಿ ಮಾಡ್ತಾ ಸುಮ್ಮನಿದ್ದರು. ನಾನೂ ಮತ್ತೆ ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಬೇರೆ ಪ್ರಶ್ನೆ ಕೇಳಿದೆ: “ಚಾಚಾ, ಒಂದೇ ರಾತ್ರಿ ಹೋಟೆಲಿನ ಕಾರ್ಯಕ್ರಮನೂ ಬಂತು, ಜಜ್‌ಮಾನರ ಮನೆ ಮದುವೆನೂ ಬಂತು. ಏನ್ ಮಾಡ್ತೀರಿ?”

“ಹೋಟೆಲಿಗೆ ಮಗನ್ನ ಕಳಿಸ್ತೀನಿ ಬೇಟಾ. ಮದುವೆಗೆ ನಾನೇ ಹೋಗ್ತೀನಿ.”

ಹೋಟೆಲಲ್ಲಿ ದುಡ್ಡು ಜಾಸ್ತಿ ಅಲ್ವಾ ಅಂದೆ.

“ಜಾಸ್ತಿ. ಆದ್ರೆ ಆ ಮನೆಯವರ ಅಜ್ಜ ಮುತ್ತಜ್ಜರ ಹೆಸರು ಮಗನಿಗೆ ಇನ್ನೂ ಪೂರ್ತಿ ಬಾಯಿಗೆ ಬಂದಿಲ್ಲ” ಅಂದರು.

ಮಗ ಒಳಗಿಂದ ಚಹಾ ತಂದ. ಅವತ್ತು ಸಂಜೆ ಅವನಿಗೆ ಹೋಟೆಲಲ್ಲಿ ಹಾಡೋದಿತ್ತು.