ಕ್ರಿಯಾಪದದ ಬಾಲ, ಮೈಕಿನ ಗುಂಡಿ: ಕಲಬುರಗಿಯ ಮಾತು ಮತ್ತು ಸಿಟಿಜನ್ ಬ್ಯಾಂಡ್ ರೇಡಿಯೊ

‘ಲಾರಿ ಇವತ್ತ ಬರಂಗಿಲ್ಲ’ ಎಂಬ ಕಲಬುರಗಿಯ ವಾಕ್ಯವನ್ನು ತೆಗೆದುಕೊಳ್ಳೋಣ. ಮಾತು ಮುಗಿಯುವ ಮೊದಲೇ ಹೆಬ್ಬೆರಳು ರೇಡಿಯೊ ಮೈಕಿನ ಒತ್ತುಗುಂಡಿಯಿಂದ ಎದ್ದರೆ ಆಚೆ ಬದಿಗೆ ತಲುಪುವುದು ‘ಲಾರಿ ಇವತ್ತ ಬರ...’ ಎಂಬಷ್ಟೇ. ಉಳಿದದ್ದನ್ನು ಕೇಳುಗ ತನ್ನ ನಿರೀಕ್ಷೆಯಂತೆ ತುಂಬಿಕೊಳ್ಳುತ್ತಾನೆ. ಲಾರಿಯ ದಾರಿ ಕಾಯುತ್ತಿರುವವನು ‘ಬರತೈತಿ’ ಎಂದೇ ತುಂಬಿಕೊಂಡಾನು. ನಿಷೇಧ, ಕಾಲ, ಪುರುಷ, ಲಿಂಗ, ಕೊನೆಗೆ ಮರ್ಯಾದೆಯ ‘ರಿ’ ಕೂಡ ಕನ್ನಡದಲ್ಲಿ ಕ್ರಿಯಾಪದದ ಬಾಲಕ್ಕೇ ಅಂಟಿಕೊಳ್ಳುತ್ತವೆ. ‘ಹೋಗ್ಯಾನ’ ಮತ್ತು ‘ಹೋಗ್ಯಾಳ’ಗಳ ನಡುವೆ ಇರುವುದು ಒಂದೇ ವ್ಯಂಜನ. ‘ಹದಿನಾರು’ ಮತ್ತು ಈ ಸೀಮೆಯ ‘ಹದಿನಾಕು’ಗಳ ನಡುವೆಯೂ ಅಷ್ಟೇ. ಹೀಗಾಗಿ ಕನ್ನಡದ ಮಟ್ಟಿಗೆ ಮೈಕಿನ ಸುಧಾರಣೆಯನ್ನು ದನಿಯ ಜೋರಿನಿಂದ ಅಳೆಯಬಾರದು, ವಾಕ್ಯದ ಕೊನೆ ಎಷ್ಟು ಉಳಿಯಿತು ಎಂಬುದರಿಂದ ಅಳೆಯಬೇಕು ಎಂಬುದು ಈ ಲೇಖನದ ವಾದ.

ಕಲಬುರಗಿಯ ಮೋಮಿನಪುರದಂಥ ಬಡಾವಣೆಯಲ್ಲಿ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಇಲ್ಲಿ ದಖನಿ ಉರ್ದು ಮತ್ತು ಕನ್ನಡ ಒಂದೇ ನಾಲಿಗೆಯ ಮೇಲೆ ಸರದಿಯಂತೆ ಬರುತ್ತವೆ. ದಖನಿಯಲ್ಲೂ ನಿಷೇಧ ಹಲವು ಸಲ ಕೊನೆಗೇ ಬರುತ್ತದೆ. ‘ಬೋಲೋ ನಕ್ಕೋ’ ಎಂಬಲ್ಲಿ ‘ನಕ್ಕೋ’ ಕಳೆದುಹೋದರೆ ‘ಮಾತಾಡಬೇಡ’ ಎಂಬುದು ‘ಮಾತಾಡು’ ಎಂದಾಗುತ್ತದೆ. ಇನ್ನು ಉರ್ದುವಿನ ಗಂಟಲ ‘ಕ’ ದಖನಿಯಲ್ಲಿ ಘರ್ಷದ ‘ಖ’ ಆಗುವುದರಿಂದ ಗೋರಿಯೂ ಸುದ್ದಿಯೂ ‘ಖಬರ್’ ಎಂದೇ ಕೇಳಿಸುತ್ತವೆ. ಆಡುವ ಬಾಯಲ್ಲೇ ಒಂದಾದ ಇಂಥ ಜೋಡಿಗಳನ್ನು ಯಾವ ಮೈಕೂ ಬೇರ್ಪಡಿಸಲಾರದು. ಅಲ್ಲಿ ಸಂದರ್ಭವೇ ಗತಿ. ಬಾಯಿ ಬೇರ್ಪಡಿಸಿದ್ದನ್ನು ಯಂತ್ರ ಬೆರೆಸದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿದೆ.

ಕಾನೂನಿನ ಚೌಕಟ್ಟು ಚಿಕ್ಕದು. 2005ರ ನಿಯಮಗಳ ಪ್ರಕಾರ ಭಾರತದಲ್ಲಿ 26.957ರಿಂದ 27.283 ಮೆಗಾಹರ್ಟ್ಸ್ ವರೆಗಿನ ಸಿಟಿಜನ್ ಬ್ಯಾಂಡಿಗೆ, ಅಂದರೆ ಸಾಮಾನ್ಯ ಜನರು ಹತ್ತಿರದ ಮಾತಿಗೆ ಬಳಸುವ ರೇಡಿಯೊ ಪಟ್ಟಿಗೆ, ಪರವಾನಗಿ ಬೇಡ. ಆದರೆ ಹೊರಸೂಸುವ ಶಕ್ತಿ 5 ವ್ಯಾಟ್ ಮೀರಬಾರದು, ಆಂಟೆನಾ ಸೆಟ್ಟಿನೊಳಗೇ ಇರಬೇಕು. ಅಮೆರಿಕದ 40 ಚಾನೆಲ್‌ಗಳಲ್ಲಿ ಮೊದಲ 27 ಮಾತ್ರ ಈ ಮಿತಿಯೊಳಗೆ ಬೀಳುತ್ತವೆ. ಕಲಬುರಗಿಯಿಂದ ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗುವ ರಸ್ತೆಯಲ್ಲಿ ಎರಡು ವಾಹನಗಳು ಪರಸ್ಪರ ಮಾತಾಡಬೇಕೆಂದರೆ ಶಕ್ತಿ ಏರಿಸುವ ದಾರಿಯಿಲ್ಲ, ಎತ್ತರದ ಆಂಟೆನಾ ಕಟ್ಟುವ ದಾರಿಯೂ ಇಲ್ಲ. ಧಾರಾಳವಾಗಿ ಕೈಯಾಡಿಸಬಹುದಾದ ಜಾಗ ಮೈಕ್ ಒಂದೇ.

ಈ ಬ್ಯಾಂಡಿನಲ್ಲಿ ಸಾಮಾನ್ಯವಾಗಿ ಬಳಸುವ ಎಎಂ (ಆಂಪ್ಲಿಟ್ಯೂಡ್ ಮಾಡ್ಯುಲೇಶನ್) ಪದ್ಧತಿಯಲ್ಲಿ ಮಾತು ಕೂತಿರುವುದು ವಾಹಕ ತರಂಗದ ಎರಡೂ ಪಕ್ಕದ ಪಟ್ಟಿಗಳಲ್ಲಿ. ವಾಹಕ 4 ವ್ಯಾಟ್ ಇದ್ದು ಮಾಡ್ಯುಲೇಶನ್ ಶೇ. 100 ಆದರೆ ಆ ಪಟ್ಟಿಗಳಿಗೆ ಸಿಗುವುದು 2 ವ್ಯಾಟ್, ಶೇ. 50ಕ್ಕೆ ಇಳಿದರೆ ಅರ್ಧ ವ್ಯಾಟ್, ಶೇ. 30ಕ್ಕೆ 0.18 ವ್ಯಾಟ್ ಮಾತ್ರ. ಮೆಲುವಾದ ಮೈಕ್ ಸೆಟ್ಟಿನ ಶಕ್ತಿಯನ್ನು ಹೇಗೆ ವ್ಯರ್ಥ ಮಾಡುತ್ತದೆಂಬುದು ಇದರಿಂದ ತಿಳಿಯುತ್ತದೆ. ಇದನ್ನು ಕಂಡೇ ಜನ ಒಳಗೇ ವರ್ಧಕವಿರುವ ‘ಪವರ್ ಮೈಕ್’ ಹುಡುಕುತ್ತಾರೆ. ಆದರೆ ಶೇ. 100ರ ಗೆರೆ ದಾಟಿದೊಡನೆ ವಾಹಕ ತುಂಡಾಗಿ ‘ಆ’ದಂಥ ತೆರೆದ ಸ್ವರಗಳು ಒಡೆಯುತ್ತವೆ, ಕಸ ಪಕ್ಕದ ಚಾನೆಲ್‌ಗೂ ಚೆಲ್ಲುತ್ತದೆ. ಒಳಗೆ ಮಿತಿಕಾರಕ ಇರುವ ಸೆಟ್ಟಿನಲ್ಲಂತೂ ಹೆಚ್ಚುವರಿ ಗೇನ್ ಮಾತನ್ನು ಏರಿಸುವುದಿಲ್ಲ. ಮಾತಿನ ನಡುವಣ ಬಿಡುವಿನಲ್ಲಿ ಫ್ಯಾನು, ಎಂಜಿನ್, ಗಾಳಿಯ ಸದ್ದನ್ನು ಏರಿಸುತ್ತದೆ.

ಅತ್ಯಂತ ಅಗ್ಗದ ಸುಧಾರಣೆ ದೂರ. 20 ಸೆಂ.ಮೀ. ದೂರದ ಮೈಕನ್ನು 5 ಸೆಂ.ಮೀ.ಗೆ ತಂದರೆ ಬಾಯಿಯ ದನಿ ಸುಮಾರು 12 ಡೆಸಿಬಲ್ ಏರುತ್ತದೆ; ಸುತ್ತಲಿನ ಗದ್ದಲ ಇದ್ದಷ್ಟೇ ಇರುತ್ತದೆ. ಬಾಯಿಗೆ ನೇರವಾಗಿ ಹಿಡಿಯದೆ ತುಟಿಯ ಅಂಚಿಗೆ ಓರೆಯಾಗಿ ಹಿಡಿದರೆ ‘ಪ’, ‘ಭ’ಗಳ ಉಸಿರು ಬಡಿಯುವುದಿಲ್ಲ. ಯಾವ ಬೆಸುಗೆಯೂ ಇಷ್ಟು ಲಾಭ ಕೊಡದು.

ಬೆಸುಗೆ ಹಾಕುವವರು ಎಚ್ಚರ ವಹಿಸಬೇಕಾದ್ದು ತಗ್ಗಿನ ಕಂಪನಗಳ ವಿಷಯದಲ್ಲಿ. ಎಂಜಿನ್ನಿನ ಗೊರಗೊರ ಕಳೆಯಲು ಮೈಕಿನ ಸಾಲಿನ ಕೆಪಾಸಿಟರನ್ನು ಚಿಕ್ಕದು ಮಾಡುವುದು ವಾಡಿಕೆ. ಮುಂದಿನ ಹಂತದ ಪ್ರತಿರೋಧ 10 ಕಿಲೋಓಮ್ ಇದ್ದರೆ 0.1 ಮೈಕ್ರೋಫ್ಯಾರಡ್‌ಗೆ ಕಡಿತದ ಬಿಂದು 159 ಹರ್ಟ್ಸ್, 0.047ಕ್ಕೆ 339 ಹರ್ಟ್ಸ್. ನನಗೆ ಸರಿಯೆನಿಸುವುದು ನಡುವಿನ 0.068, ಅಂದರೆ 234 ಹರ್ಟ್ಸ್. ಕಾರಣ ನಮ್ಮ ಭಾಷೆಯಲ್ಲೇ ಇದೆ: ‘ನ’, ‘ಮ’ಗಳ ಮೂಗಿನ ಗುಂಜಾರವ ಇರುವುದು 250–300 ಹರ್ಟ್ಸ್‌ನ ಆಸುಪಾಸಿನಲ್ಲಿ. ಅದನ್ನು ಬಲವಾಗಿ ಕತ್ತರಿಸಿದರೆ ‘ಹೋಗ್ಯಾನ’ದ ‘ನ’ ಸೊರಗುತ್ತದೆ. ಇತ್ತ ‘ಳ’, ‘ಟ’, ‘ಡ’ಗಳಂಥ ಮೂರ್ಧನ್ಯಗಳ ಗುರುತು ಮೂರನೆಯ ಅನುರಣನ (ಫಾರ್ಮೆಂಟ್) ಕೆಳಗಿಳಿಯುವುದರಲ್ಲಿದೆ, ಅದು ಬೀಳುವುದು ಹೆಚ್ಚಾಗಿ 2ರಿಂದ 3 ಕಿಲೋಹರ್ಟ್ಸ್ ನಡುವೆ. ಅಲ್ಲಿ 4–6 ಡೆಸಿಬಲ್ ಎತ್ತಿಕೊಟ್ಟರೆ ‘ಕೊಳ್ಳು’ ಮತ್ತು ‘ಕೊಲ್ಲು’ ಬೇರೆಯಾಗಿಯೇ ಉಳಿಯುತ್ತವೆ. ‘ಸ’ಕಾರದ ಮುಖ್ಯ ಸದ್ದು 4 ಕಿಲೋಹರ್ಟ್ಸ್‌ಗೂ ಮೇಲಿದ್ದು ಸಿಟಿಜನ್ ಬ್ಯಾಂಡ್ ಚಾನೆಲ್‌ನ ಕಿರಿದಾದ ಹಾದಿಯಲ್ಲಿ ಹೇಗೂ ಸವೆಯುತ್ತದೆ. 1107 ಕಿಲೋಹರ್ಟ್ಸ್‌ನಲ್ಲಿ ಆಕಾಶವಾಣಿಯ ಕಲಬುರಗಿ ಕೇಂದ್ರವನ್ನು ಕೇಳಿ ಬೆಳೆದ ಕಿವಿಗೆ ಈ ಸವೆತ ಪರಿಚಿತ.

ಜೋರಾದ ದನಿಯನ್ನು ತಾನಾಗಿ ತಗ್ಗಿಸುವ ಕಂಪ್ರೆಸರ್ ಹಾಕುವುದಾದರೆ ನೋಡಬೇಕಾದ್ದು ಅದು ಹಿಡಿತ ಬಿಡುವ ವೇಗ. ದೊಡ್ಡ ‘ಆ’ಕಾರವನ್ನು ಅದುಮಿದ ಮೇಲೆ ಅದು ಒಂದು ಸೆಕೆಂಡು ಹಾಗೇ ಕೂತರೆ, ಹಿಂದೆಯೇ ಬರುವ ಮೆಲ್ಲನೆಯ ಪ್ರತ್ಯಯವೂ ಅದುಮಿಹೋಗುತ್ತದೆ. ಬಿರುಸಾದ ಮಾತಿನಲ್ಲಿ ಒಂದು ಅಕ್ಷರದ ಆಯುಸ್ಸು ಸೆಕೆಂಡಿನ ಐದನೇ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಬಿಡುಗಡೆ 100 ಮಿಲಿಸೆಕೆಂಡಿನ ಹತ್ತಿರ ಇದ್ದರೆ ಬಾಲ ಬದುಕುತ್ತದೆ, ಗದ್ದಲ ತುಸು ಉಬ್ಬಿದರೂ ಒಪ್ಪಿಕೊಳ್ಳಬಹುದು. ಎಕೋ ಪೆಟ್ಟಿಗೆಯನ್ನು ಮಾತ್ರ ನಾನು ಒಪ್ಪಲಾರೆ. ಸಭೆಯ ಧ್ವನಿವರ್ಧಕದಲ್ಲಿ ಅದು ಮೆರುಗು ಎನಿಸಬಹುದು. ರೇಡಿಯೊದಲ್ಲಿ ಹಿಂದಿನ ಅಕ್ಷರದ ನೆರಳು ಮುಂದಿನದನ್ನು ಮುಚ್ಚಿಬಿಡುತ್ತದೆ.

ಬಿಸಿಲಿನ ಲೆಕ್ಕವೂ ಬೇಕು. ಹವ್ಯಾಸಿಗಳು ಇಂದಿಗೂ ಮೆಚ್ಚುವ ಅಸ್ಟಾಟಿಕ್ ಡಿ-104ರಂಥ ಹಳೆಯ ಹರಳಿನ ಮೈಕುಗಳ ಒಳಗಿರುವುದು ರೋಶೆಲ್ ಲವಣ. ಸುಮಾರು 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಹರಳು ಕೆಡುತ್ತದೆ, ಒಣ ಹವೆಯಲ್ಲಿ ನೀರಿನಂಶ ಕಳೆದುಕೊಳ್ಳುತ್ತದೆ. ಹೊರಗೆ 40 ಡಿಗ್ರಿ ದಾಟುವ ಕಲಬುರಗಿಯ ಬೇಸಿಗೆಯಲ್ಲಿ ಮುಚ್ಚಿ ನಿಲ್ಲಿಸಿದ ಕ್ಯಾಬಿನ್ನಿನೊಳಗೆ ಅದು ಬಾಳುವ ವಸ್ತುವಲ್ಲ. ಡೈನಮಿಕ್ ಅಥವಾ ಎಲೆಕ್ಟ್ರೆಟ್ ಕ್ಯಾಪ್ಸೂಲೇ ಇಲ್ಲಿಗೆ ತಕ್ಕದ್ದು. ಎಲೆಕ್ಟ್ರೆಟ್‌ನ ಎರಡು ಕಾಲಿಗೆ ಒಂದು ನ್ಯಾನೋಫ್ಯಾರಡ್ ಕೆಪಾಸಿಟರ್ ಬೆಸೆಯಬೇಕು. 27 ಮೆಗಾಹರ್ಟ್ಸ್‌ಗೆ ಅದು ಬರೀ 6 ಓಮಿನ ಅಡ್ಡದಾರಿ, ಮಾತಿಗೆ ಹತ್ತಾರು ಕಿಲೋಓಮಿನ ಗೋಡೆ. ಸೆಟ್ಟಿನ ತರಂಗವೇ ಮೈಕಿಗೆ ನುಗ್ಗಿ ಮಾತನ್ನು ಒಡೆಯುವುದು ಇದರಿಂದ ನಿಲ್ಲುತ್ತದೆ.

ಈ ಮೌಲ್ಯಗಳೆಲ್ಲ ಪರೀಕ್ಷೆಗೆ ಒಳಗಾಗಬೇಕಾದವು. ಪರೀಕ್ಷೆಗೆ ‘ಹಲೋ, ಒನ್, ಟು, ಥ್ರೀ’ ಸಾಲದು. ‘ಹೋಗ್ಯಾನ–ಹೋಗ್ಯಾಳ’, ‘ಹಳ್ಳಿ–ಹಲ್ಲಿ’, ‘ಹದಿನಾರು–ಹದಿನಾಕು’, ‘ಬೋಲೋ–ಬೋಲೋ ನಕ್ಕೋ’ಗಳಂಥ ಜೋಡಿಗಳನ್ನು ಮೋಮಿನಪುರದ ಮತ್ತು ಕಮಲಾಪುರದ ಗಂಡು, ಹೆಣ್ಣು, ಮುದುಕರ ದನಿಯಲ್ಲಿ ಓದಿಸಿ, ಆಚೆ ಬದಿಯವರು ಏನು ಕೇಳಿದರೆಂದು ಬರೆಸಿಕೊಳ್ಳಬೇಕು. ಈ ಭಾಗದ ಎಂಜಿನಿಯರಿಂಗ್ ಕಾಲೇಜುಗಳೂ ಕನ್ನಡ, ಉರ್ದು ವಿಭಾಗಗಳೂ ಕೂಡಿ ಇದನ್ನು ಕೈಗೆತ್ತಿಕೊಳ್ಳಲಿ. ಅಲ್ಲಿಯವರೆಗೆ ಸೆಟ್ಟು ಬಳಸುವವರಲ್ಲಿ ಒಂದೇ ಕೋರಿಕೆ: ಕೊನೆಯ ಅಕ್ಷರ ಮುಗಿದ ಮೇಲೂ ಅರೆಕ್ಷಣ ಗುಂಡಿಯನ್ನು ಒತ್ತಿ ಹಿಡಿದಿರಿ.